ಅಕ್ರೋಟು, ಬಾಗೆ ಮತ್ತು ತಡೆದ ಸೀನು

ಹೋದ ತಿಂಗಳು ಸಾಗರದ ನಮ್ಮ ಹೈಸ್ಕೂಲಿನ ಜಗಲಿಯಲ್ಲಿ ಪಿ.ಟಿ. ಮೇಷ್ಟ್ರು ಕ್ರಿಕೆಟ್ ಬ್ಯಾಟುಗಳನ್ನು ಸಾಲಾಗಿ ಮಲಗಿಸಿಕೊಂಡು ಹಳೇ ಬನಿಯನ್ ತುಂಡಿನಿಂದ ಅಗಸೆ ಎಣ್ಣೆ ಹಚ್ಚುತ್ತಿದ್ದರು. ಎಂಟನೇ ತರಗತಿಗೆ ಗಿಡದ ಕಾಂಡದ ಪಾಠ ಮಾಡಲು ಹೊರಟಿದ್ದ ನಾನು ಚಾಕ್‌ಪೀಸಿನ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅಗಸೆ ಎಣ್ಣೆ ಡಬ್ಬಿಯಲ್ಲಿದ್ದಾಗ ಕಮಟು ನಾರುತ್ತದೆ. ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿದರೆ ಹುರಿದ ಕಾಳಿನ ವಾಸನೆ ಬರುತ್ತದೆ. ಮರದೊಳಗೆ ಇಳಿದ ಮೇಲಂತೂ ಅದು ಎಣ್ಣೆಯದೋ ಮರದ್ದೋ ಹೇಳುವುದಕ್ಕೇ ಆಗುವುದಿಲ್ಲ. ನಾನು ಒಂದು ಬ್ಯಾಟನ್ನು ಎತ್ತಿ ಮೂಗಿನ ಹತ್ತಿರ ತಂದುಕೊಂಡೆ, ತಟ್ಟನೆ ಕೆಳಗಿಟ್ಟೆ. ‘ಏನ್ ಟೀಚರ್, ನೀವೂ ಟೀಮಿಗೆ ಸೇರ್ತೀರಾ?’ ಎಂದು ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಮರವನ್ನು ಮೂಸಿ ನೋಡುವುದನ್ನು ಬಿಟ್ಟು ನಲವತ್ತು ವರ್ಷವಾಯಿತೆಂದು ಅವರಿಗೆ ಹೇಳಿದ್ದರೆ, ಈ ಟೀಚರಿಗೆ ರಜೆ ಬೇಕಾಗಿದೆ ಎಂದುಕೊಳ್ಳುತ್ತಿದ್ದರೇನೋ.

ಆ ಎಣ್ಣೆಯ ವಾಸನೆ ನಮ್ಮ ದೊಡ್ಡಪ್ಪನ ಅಂಗೈಯದು. ನಮ್ಮೂರಲ್ಲಿ ನಾಲ್ಕನೇ ತರಗತಿಯ ಮುಂದೆ ಶಾಲೆ ಇರಲಿಲ್ಲವೆಂದು ನನ್ನನ್ನು ಹೊಸನಗರದಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಮಂಜಪ್ಪಾಚಾರ್ರು ಎಂದರೆ ಅಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ಮನೆಗಿಂತ ಮುಂದಿನ ಮರಗೆಲಸದ ಕೊಟ್ಟಿಗೆಯೇ ದೊಡ್ಡದು. ಅದಕ್ಕೆ ಮೂರೇ ಗೋಡೆ, ನಾಲ್ಕನೆಯ ಕಡೆ ರಸ್ತೆ. ಕೆಲಸ ಮಾಡುತ್ತಲೇ ದೊಡ್ಡಪ್ಪ ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ. ದೊಡ್ಡಮ್ಮ ಒಳಗಿನಿಂದ, ‘ಬಾಯಿ ಕೆಲಸ ಮುಗಿದ್ರೆ ಕೈ ಕೆಲಸ ಶುರು ಮಾಡಿ’ ಎಂದು ಕೂಗುವಳು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ನನ್ನನ್ನು ಮುದ್ದು ಮಾಡಿದರು ಎಂದುಕೊಳ್ಳಬೇಡಿ, ಚೆನ್ನಾಗಿ ಕೆಲಸ ಮಾಡಿಸಿದರು. ಶಾಲೆಯಿಂದ ಬಂದ ಕೂಡಲೇ ಕೊಟ್ಟಿಗೆ ಗುಡಿಸುವುದು, ಸುರುಳಿ ಸುರುಳಿ ಚಕ್ಕೆಯನ್ನು ಬಚ್ಚಲೊಲೆಗೆ ಒಯ್ಯುವುದು, ಉಳಿಗಳನ್ನು ಅಳತೆಯ ಪ್ರಕಾರ ಜೋಡಿಸುವುದು ನನ್ನ ಪಾಲಿನವು. ನನಗೆ ಅದೇ ಸ್ವರ್ಗವಾಗಿತ್ತು.

ಬಾಗಿಲು, ಮಂಚ, ತೊಟ್ಟಿಲು ಮಾಡುವ ಆಚಾರಿಗಳು ಊರಲ್ಲಿ ಇನ್ನೂ ಇದ್ದರು. ಕೋವಿಯ ಹಿಡಿ ಮಾಡುವವನು ಮಾತ್ರ ನಮ್ಮ ದೊಡ್ಡಪ್ಪ ಒಬ್ಬನೇ. ಹಿಡಿಯೆಂದರೆ ಹೆಗಲಿಗೆ ಆನಿಸಿಕೊಳ್ಳುವ ಮರದ ಭಾಗ. ಹಂದಿ, ಮಂಗಗಳ ಕಾಟಕ್ಕೆ ಲೈಸೆನ್ಸಿನ ಕೋವಿ ಇಟ್ಟುಕೊಂಡ ಮನೆಗಳು ತೀರ್ಥಹಳ್ಳಿಯವರೆಗೂ ಹರಡಿದ್ದವು. ಎಲೆಕ್ಷನ್ ಬಂತೆಂದರೆ ಅವೆಲ್ಲವನ್ನೂ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಬಿಡಿಸಿಕೊಂಡವರು ಮನೆಗೆ ಹೋಗುವ ಮೊದಲು ನಮ್ಮ ಕೊಟ್ಟಿಗೆಗೆ ಬರುವರು. ವರ್ಷಗಟ್ಟಲೆ ಅಟ್ಟದ ಮೂಲೆಯಲ್ಲಿ ನಿಂತಿದ್ದ ಕೋವಿಯನ್ನು ಅವರು ಹಗಲು ಬೆಳಕಿನಲ್ಲಿ ಸರಿಯಾಗಿ ನೋಡುತ್ತಿದ್ದದ್ದೇ ಆಗ. ಎಲ್ಲಿ ಸೀಳು ಬಿಟ್ಟಿದೆ, ಎಲ್ಲಿ ಹುಳ ಕೊರೆದಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತಿತ್ತು. ದೊಡ್ಡಪ್ಪ ಮೊದಲು ಲೈಸೆನ್ಸ್ ಪುಸ್ತಕ ಕೇಳುತ್ತಿದ್ದ. ನಳಿಗೆಯನ್ನು ಬಿಚ್ಚಿ ಅವರ ಕೈಗೇ ಕೊಟ್ಟು, ‘ಕಬ್ಬಿಣ ಸರ್ಕಾರದ್ದು, ಮರ ನಂದು’ ಎನ್ನುತ್ತಿದ್ದ. ಬದುಕಿರುವವರೆಗೂ ಅವನು ಒಂದು ಗುಂಡೂ ಹೊಡೆದವನಲ್ಲ.

ಬಾಗಿಲಿಗೆ ಸಾಗುವಾನಿಯೋ ಹಲಸೋ ಸಾಕು. ಕೋವಿಗೆ ಮಾತ್ರ ಅಕ್ರೋಟೇ ಆಗಬೇಕು ಎನ್ನುತ್ತಿದ್ದರು. ಹಗುರ, ಆದರೂ ಗಟ್ಟಿ. ಗುಂಡು ಹಾರಿದಾಗಿನ ಒದೆತವನ್ನು ತಾನು ನುಂಗಿಕೊಂಡು ಹೆಗಲಿಗೆ ಸ್ವಲ್ಪವೇ ದಾಟಿಸುತ್ತದೆ. ಹಳೇ ಕಾಫಿಪುಡಿ ಡಬ್ಬಿಯಲ್ಲಿ ದೊಡ್ಡಪ್ಪ ಅಕ್ರೋಟಿನ ತುಂಡುಗಳನ್ನು ಕೂಡಿಟ್ಟಿದ್ದ, ಎಲ್ಲವೂ ಮುರಿದುಹೋದ ಕೋವಿಗಳವು. ಮಧ್ಯಾಹ್ನ ಊಟವಾದ ಮೇಲೆ ಅವುಗಳನ್ನು ಚಾಪೆಯ ಮೇಲೆ ಸುರಿದು ನನಗೆ ಪರೀಕ್ಷೆ ಮಾಡುತ್ತಿದ್ದ. ತುಪ್ಪ ಕಾಯಿಸುವಾಗ ತಳ ಹಿಡಿದ ಬಣ್ಣ, ಅದರೊಳಗೆ ಹೊಗೆ ಎದ್ದ ಹಾಗೆ ಕಪ್ಪು ಎಳೆಗಳು ಇದ್ದರೆ ಅದು ವಿಲಾಯತಿ, ಫ್ರಾನ್ಸ್ ಕಡೆಯದು. ಆ ಜಾತಿಯೇ ಆದರೂ ಬಣ್ಣ ತಿಳಿ, ಎಳೆ ಮಬ್ಬು, ಉಗುರು ಒತ್ತಿದರೆ ಗುರುತು ನಿಲ್ಲುವಷ್ಟು ಮೆದುವಾದರೆ ಕಾಶ್ಮೀರದ್ದು. ಅಡಿಯಿಂದ ಮುಡಿಯವರೆಗೆ ಒಂದೇ ಗಾಢ ಕಂದು, ಬಿಸಿಲಿಗೆ ಹಿಡಿದರೆ ನೇರಳೆಯ ಛಾಯೆ, ಅಡ್ಡ ಕೊಯ್ದ ಕಡೆ ಸೂಜಿ ಚುಚ್ಚಿದಂಥ ತೂತುಗಳು ಬರಿಗಣ್ಣಿಗೆ ಕಂಡರೆ ಅದು ಅಮೆರಿಕದ ಕರಿ ಅಕ್ರೋಟು. ಇಷ್ಟೆಲ್ಲ ಹೇಳಿ ಕೊನೆಗೆ ಅವನೇ, ‘ಕಣ್ಣು ನಂಬಬ್ಯಾಡ ಮಾರಾಯ್ತಿ, ಬಣ್ಣ ಯಾರು ಬೇಕಾದ್ರೂ ಹಚ್ತಾರೆ’ ಎನ್ನುತ್ತಿದ್ದ. ಅರದಿಂದ ಮೂಲೆಯನ್ನು ಸ್ವಲ್ಪ ತಿಕ್ಕಿ, ಆ ಹುಡಿಯನ್ನು ನನ್ನ ಅಂಗೈಗೆ ಹಾಕಿ, ಕಣ್ಣು ಮುಚ್ಚಿಸಿ ಮೂಸಲು ಹೇಳುವನು. ವಿಲಾಯತಿಗೆ ಒಣಗಿದ ಸೊಪ್ಪಿನ ಒಗರು, ಕರಿ ಅಕ್ರೋಟಿಗೆ ಅದೇ ಒಗರು ಮೂಗಿನ ಬುಡದವರೆಗೆ ಹೋಗುವಷ್ಟು ಖಾರ, ಕಾಶ್ಮೀರದ್ದಕ್ಕೆ ಹೆಚ್ಚೇನೂ ಇಲ್ಲ. ಅದೇ ಡಬ್ಬಿಯಲ್ಲಿ ಒಂದು ಕಳ್ಳ ತುಂಡೂ ಇತ್ತು, ನಮ್ಮ ಗುಡ್ಡದ ಬಾಗೆ ಮರದ್ದು. ಎಣ್ಣೆ ಹಚ್ಚಿಟ್ಟರೆ ನೋಡುವುದಕ್ಕೆ ಥೇಟು ಅಕ್ರೋಟೇ. ಆದರೆ ಬಾಗೆಯ ಹುಡಿ ಮೂಗಿಗೆ ಹೋದರೆ ಸೀನು ಬಂದೇ ಬರುತ್ತದೆ. ಅದನ್ನು ಬೇರೆ ತುಂಡುಗಳ ನಡುವೆ ಸೇರಿಸಿ ಕೊಟ್ಟು, ನಾನು ಸೀನಿದಾಗೆಲ್ಲ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ತಮಾಷೆಯೆಂದರೆ ನಮ್ಮಲ್ಲಿ ಯಾರೂ ಅಕ್ರೋಟಿನ ಮರವನ್ನು ಕಂಡವರಲ್ಲ. ಅದರ ಎಲೆ ಹೇಗಿರುತ್ತದೆ, ಹೂ ಬಿಡುತ್ತದಾ ಎಂದು ನಾನು ಕೇಳಿದರೆ ದೊಡ್ಡಪ್ಪ ತನಗೆ ತೋಚಿದ್ದನ್ನು ಹೇಳುವನು, ಮರುವಾರ ಬೇರೆ ಹೇಳುವನು. ಒಮ್ಮೆ ಮಿಲಿಟರಿಯಿಂದ ರಜೆಗೆ ಬಂದ ಪಕ್ಕದ ಮನೆಯವರು ನಾಲ್ಕು ಅಕ್ರೋಟು ಕಾಯಿ ಕೊಟ್ಟರು. ದೊಡ್ಡಪ್ಪ ಒಂದನ್ನು ಒಡೆದು, ತಿರುಳನ್ನು ಮೂಸಿ, ಸಿಪ್ಪೆಯನ್ನು ಮೂಸಿ, ಡಬ್ಬಿಯ ತುಂಡುಗಳನ್ನೆಲ್ಲ ಮತ್ತೆ ಮೂಸಿ, ‘ತಾಯಿಗೂ ಮಕ್ಕಳಿಗೂ ಸಂಬಂಧವೇ ಇಲ್ಲ ಕಣೇ’ ಎಂದು ಬೇಜಾರಾದ. ತಿನ್ನುವುದಕ್ಕೆ ಬಂದದ್ದನ್ನು ಇಡೀ ಸಂಜೆ ಮೂಸುತ್ತ ಕೂತದ್ದಕ್ಕೆ ದೊಡ್ಡಮ್ಮ ಬೈದಳು.

ನಾನು ಆರನೆಯ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಜ್ವರ ಬಂತು. ಇಪ್ಪತ್ತು ದಿನ ಮಲಗಿದ್ದ. ಎದ್ದ ಮೇಲೆ ಎಲ್ಲ ಸರಿಯಾಯಿತೆಂದುಕೊಂಡೆವು. ಒಂದು ದಿನ ದೊಡ್ಡಮ್ಮ ದನಕ್ಕೆಂದು ತೆಗೆದಿಟ್ಟಿದ್ದ ಹಳಸಿದ ಸಾರನ್ನು ಅವನೇ ಬಡಿಸಿಕೊಂಡು ಎರಡು ಸಲ ಉಂಡು ಎದ್ದ. ದೊಡ್ಡಮ್ಮ ಪಾತ್ರೆ ಮೂಸಿ, ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿಕೊಂಡು, ‘ವಾಸನೆ ಎಂತದೂ ಗೊತ್ತಾಗದಿಲ್ಲ, ಜ್ವರ ಬಿಟ್ಟಾಗಿಂದ’ ಎಂದ. ಬಡಗಿಗೆ ಬೆರಳು ಹೋದ ಹಾಗೆ ಅದು ಎಂದು ನನಗೆ ಆ ವಯಸ್ಸಿಗೇ ತಿಳಿಯಿತು. ಹೊರಗೆ ಯಾರಿಗೂ ಹೇಳಬಾರದೆಂದು ಮೂವರೂ ಮಾತಾಡಿಕೊಂಡೆವು. ಅಂದಿನಿಂದ ನಾನು ಅವನ ಮೂಗಾದೆ. ಗಿರಾಕಿ ಕೂತಿರುವಾಗ ದೊಡ್ಡಪ್ಪ ಮರದ ಹುಡಿಯನ್ನು ತಾನು ಮೂಸಿದಂತೆ ಮಾಡಿ, ‘ನಮ್ಮ ಸರೋಜನೂ ಕಲೀಲಿ’ ಎಂದು ನನ್ನ ಕೈಗೆ ಹಾಕುವನು. ನಾನು ಹೇಳುವೆನು. ಅವನು ಹೌದೆನ್ನುವನು. ಹನ್ನೊಂದು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಪಟ್ಟ ಬೇಕಾ? ನೆಲದ ಮೇಲೆ ನಿಲ್ಲುತ್ತಿರಲಿಲ್ಲ ನಾನು.

ಹುಂಚದ ಹತ್ತಿರದ ಚೌಡಪ್ಪ ನಾಯ್ಕರು ತಮ್ಮ ಕೋವಿ ತಂದದ್ದು ಆ ವರ್ಷವೇ. ಅವರಿಗಾಗ ಮೂವತ್ತೈದು ಇರಬಹುದು. ಅವರ ಅಪ್ಪ ಒಂದು ದೊಡ್ಡ ಮನೆಯ ಗೇಣಿ ಗದ್ದೆ ಮಾಡುತ್ತಿದ್ದವರು. ಒಡೆಯರು ಬೇಟೆಗೆ ಹೊರಟಾಗ ಕೋವಿಯನ್ನು ಹೊತ್ತು ಹಿಂದೆ ನಡೆಯುತ್ತಿದ್ದವರು. ಹೊತ್ತರೂ ಹಿಡಿಯನ್ನು ಹೆಗಲಿಗೆ ಆನಿಸುವ ಹಾಗಿರಲಿಲ್ಲವಂತೆ, ಎರಡು ಕೈಯ ಮೇಲೆ ಮಗುವಿನಂತೆ ಅಡ್ಡ ಹಿಡಿಯಬೇಕಿತ್ತಂತೆ. ಕಾನೂನು ಬಂದು ಗದ್ದೆ ಇವರದಾಯಿತು. ಒಡೆಯರ ಮನೆಯವರು ಊರು ಬಿಡುವಾಗ ಕೋವಿಯನ್ನೂ ಇವರಿಗೇ ಬಿಟ್ಟರು, ಲೈಸೆನ್ಸೂ ಚೌಡಪ್ಪನವರ ಹೆಸರಿಗೆ ಆಯಿತು. ಆದರೆ ಹಿಡಿ ಕುತ್ತಿಗೆಯ ಹತ್ತಿರ ಸೀಳಿ ಹೋಗಿತ್ತು. ಕುತ್ತಿಗೆಯೆಂದರೆ ಬೆರಳು ಸುತ್ತಿ ಹಿಡಿಯುವ ಸಪೂರದ ಜಾಗ, ಎಲ್ಲ ಭಾರ ಬೀಳುವುದು ಅಲ್ಲಿಗೇ. ದೊಡ್ಡಪ್ಪ ತಿಕ್ಕಿ ಕೊಟ್ಟ, ನಾನು ವಿಲಾಯತಿ ಎಂದೆ. ಚೌಡಪ್ಪನವರು ಕೊಟ್ಟಿಗೆಯ ಕಂಬಕ್ಕೆ ಒರಗಿ ಹೇಳಿದ ಮಾತು ನನಗೆ ಈಗಲೂ ಕೇಳುತ್ತದೆ. ‘ಆಚಾರ್ರೇ, ಅದೇ ಮರ ಹಾಕಿ. ಒಡೇರ ಕೈಯಲ್ಲಿ ವಿಲಾಯ್ತಿ ಇತ್ತು, ಇವರ ಕೈಗೆ ಬಂದು ಕಾಡುಮರ ಆಯ್ತು ಅಂತ ಊರಲ್ಲಿ ಅನ್ನಿಸ್ಕಳಕ್ಕೆ ನಂಗೆ ಆಗದಿಲ್ಲ.’

ದೊಡ್ಡಪ್ಪ ಮಾತು ಕೊಟ್ಟ. ಒಂದು ಮರದ ಡಿಪೋಗೆ ಹೇಳಿ ಕಳಿಸಿ ನಾಲ್ಕು ತಿಂಗಳು ಕಾದ ಮೇಲೆ ಗೋಣಿಯಲ್ಲಿ ಸುತ್ತಿದ ಹಲಗೆ ಬಸ್ಸಿನ ಮೇಲೆ ಬಂತು. ಡಿಪೋದವರು ವಾಲ್ನಟ್, ಅಂದರೆ ಅಕ್ರೋಟು, ಎಂದೇ ಹೇಳಿ ಕಳಿಸಿದ್ದರು. ಕೆಲಸ ಹಿಡಿಯುವ ದಿನ ಚೌಡಪ್ಪನವರು ಕಾಯಿ, ಬಾಳೆಹಣ್ಣು ಹಿಡಿದುಕೊಂಡು ಮೊದಲ ಬಸ್ಸಿಗೇ ಬಂದಿದ್ದರು. ದೊಡ್ಡಪ್ಪ ಹಲಗೆಯನ್ನು ಪೂರ್ವಕ್ಕೆ ತಲೆ ಮಾಡಿ ಇಟ್ಟು, ಉಳಿಗಳಿಗೂ ಮರ ಹೆರೆಯುವ ಕೀಸುಳಿಗಳಿಗೂ ಕುಂಕುಮ ಹಚ್ಚಿ, ಕರ್ಪೂರ ಹಚ್ಚುವ ಮೊದಲು ಮೂಲೆಯನ್ನು ತಿಕ್ಕಿ ಹುಡಿಯನ್ನು ನನ್ನ ಅಂಗೈಗೆ ಹಾಕಿದ. ನಾನು ಮೂಸಿದೆ. ಹಲಗೆಗೆ ಡಿಪೋದಲ್ಲೇ ಹಚ್ಚಿದ್ದ ಹಳೆಯ ಎಣ್ಣೆಯ ವಾಸನೆಯೇ ಎದ್ದು ಬಂತು, ಅದರಡಿ ಏನಿದೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಮೂಗಿನೊಳಗೆ ಇರುವೆ ಹರಿದ ಹಾಗಾಯಿತು. ಸೀನು. ನಮ್ಮ ಮನೆಗಳಲ್ಲಿ ಶುಭಕಾರ್ಯ ಶುರುಮಾಡುವಾಗ ಒಂಟಿ ಸೀನು ಸೀನಿದರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ. ಎಲ್ಲ ನಿಲ್ಲಿಸಿ ಕೂರಬೇಕು, ನೀರು ಕುಡಿಯಬೇಕು, ಒಮ್ಮೊಮ್ಮೆ ಆ ದಿನವೇ ಬೇಡವೆನ್ನುತ್ತಾರೆ. ದೊಡ್ಡಮ್ಮ ಬೆಳಿಗ್ಗೆಯೇ, ‘ನಿಂಗೆ ಶೀತ ಆಗಿದೆ, ಪೂಜೆ ಹೊತ್ತಲ್ಲಿ ಸೀನಿದ್ರೆ ನೋಡು’ ಎಂದು ಎಚ್ಚರಿಸಿದ್ದಳು. ಎದುರಿಗೆ ಕಾಯಿ ಹಿಡಿದು ನಿಂತ ಚೌಡಪ್ಪನವರ ಮುಖ. ನಾನು ಬೆರಳಿನಿಂದ ಮೇಲ್ದುಟಿಯನ್ನು ಒತ್ತಿ ಹಿಡಿದೆ, ಉಸಿರು ಕಟ್ಟಿದೆ, ಕಣ್ಣಲ್ಲಿ ನೀರು ತುಂಬಿತು, ಸೀನು ಒಳಗೇ ಹೋಯಿತು. ದೊಡ್ಡಪ್ಪ, ‘ಎಂತ ಮರ, ಸರೋಜಾ?’ ಎಂದ. ‘ಅಕ್ರೋಟು ದೊಡ್ಡಪ್ಪ, ವಿಲಾಯ್ತಿದು’ ಎಂದೆ. ಬರೀ ಅಕ್ರೋಟು ಎಂದಿದ್ದರೂ ಆಗುತ್ತಿತ್ತು, ವಿಲಾಯತಿ ಎಂದು ಸೇರಿಸಿದ್ದು ನನ್ನ ಜಂಬ.

ಮರುದಿನ ಸಂಜೆ ಗುಡಿಸಿದ ಚಕ್ಕೆಯನ್ನು ಬಚ್ಚಲೊಲೆಗೆ ಒಯ್ಯುವಾಗ ಬಾವಿಕಟ್ಟೆಯ ಹತ್ತಿರ ಒಂದರ ಹಿಂದೊಂದು ಮೂರು ಸೀನು ಬಂತು. ನಿನ್ನೆ ಬಂದದ್ದು ಶೀತದ ಸೀನಲ್ಲ. ಬಾಗೆ. ಓಡಿ ಬಂದು ನೋಡಿದರೆ ದೊಡ್ಡಪ್ಪ ಆಗಲೇ ಹಿಡಿಯ ಆಕಾರಕ್ಕೆ ಹಲಗೆಯನ್ನು ಕೊಯ್ದಾಗಿತ್ತು, ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಹದಿನೈದು ದಿನ ಅವನು ಅಂಗೈಯಿಂದಲೇ ಎಣ್ಣೆ ತಿಕ್ಕಿದ. ಹಿಡಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಚೌಡಪ್ಪನವರು ಒಯ್ಯಲು ಬಂದಾಗ ಮುಟ್ಟಲು ಹಿಂಜರಿದರು. ಆಮೇಲೆ ದೂರದ ಗದ್ದೆಯಲ್ಲಿ ಎಲ್ಲೇ ಈಡಿನ ಶಬ್ದ ಕೇಳಿದರೂ ನನ್ನ ಜೀವ ಹಾರಿಹೋಗುತ್ತಿತ್ತು. ಆ ಹಿಡಿ ಕುತ್ತಿಗೆಯಲ್ಲಿ ಮುರಿದು ಚೌಡಪ್ಪನವರ ಹೆಗಲು ಒಡೆದರೆ, ದೊಡ್ಡಪ್ಪನ ಹೆಸರು ಹೋದರೆ, ಎಲ್ಲ ನನ್ನಿಂದ. ಮುಂದಿನ ಎಲೆಕ್ಷನ್ ಮುಗಿದು ಕೋವಿಗಳು ಬಂದಾಗ ದೊಡ್ಡಪ್ಪ ಎಂದಿನಂತೆ ನನ್ನ ಅಂಗೈಗೆ ಹುಡಿ ಹಾಕಿದ. ನಾನು ಮೂಗಿನ ಹತ್ತಿರಕ್ಕೂ ಒಯ್ಯದೆ, ‘ಗೊತ್ತಿಲ್ಲ’ ಎಂದೆ. ಎರಡನೆಯ ಸಲವೂ ಗೊತ್ತಿಲ್ಲ. ಮೂರನೆಯ ಸಲವೂ ಗೊತ್ತಿಲ್ಲ. ಅವನು ಬೈಯಲಿಲ್ಲ. ನನ್ನ ಅಂಗೈಯ ಹುಡಿಯನ್ನು ತಾನೇ ಊದಿ ಹಾರಿಸಿದ, ಮತ್ತೆಂದೂ ಕೇಳಲಿಲ್ಲ.

ಕೋವಿಯ ಕೆಲಸವನ್ನು ಅವನು ಮೆಲ್ಲಗೆ ಬಿಟ್ಟ. ಕಣ್ಣು ಮಂಜಾಯಿತೆಂದು ಗಿರಾಕಿಗಳಿಗೆ ಸುಳ್ಳು ಹೇಳಿದ. ಕಿಟಕಿ ಬಾಗಿಲು ಮಾಡಿಕೊಂಡು, ಅದೂ ಆಗದಾದಾಗ ಕೂಸುಗಳಿಗೆ ಮರದ ಗಾಡಿ ಮಾಡಿಕೊಂಡು ಇದ್ದು, ನಾನು ಬಿ.ಎಡ್. ಓದುವಾಗ ತೀರಿಕೊಂಡ. ದೊಡ್ಡಮ್ಮ ಎರಡು ವರ್ಷದ ಮೇಲೆ ಹೋದಳು. ಆ ಮೂರು ಗೋಡೆಯ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಟೈರ್ ಅಂಗಡಿಯಿದೆ, ಬಸ್ಸಿನಲ್ಲಿ ಹೋಗುವಾಗ ರಬ್ಬರಿನ ವಾಸನೆ ಬರುತ್ತದೆ. ಕಾಲೇಜಿನ ಲೈಬ್ರರಿಯಲ್ಲಿ ಮರಗಳ ಪುಸ್ತಕವೊಂದರಲ್ಲಿ, ನಮ್ಮ ಬಾಗೆಯನ್ನು ಹೊರದೇಶದ ವ್ಯಾಪಾರಿಗಳು ಈಸ್ಟ್ ಇಂಡಿಯನ್ ವಾಲ್ನಟ್ ಎಂದೇ ಕರೆಯುತ್ತಾರೆಂದು ಓದಿದ್ದೆ. ಡಿಪೋದವರದೂ ಪೂರ್ತಿ ಸುಳ್ಳಲ್ಲ ಎಂದಾಯಿತು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಇನ್ನೊಂದು ಸಂಗತಿ ಪಾಠ ಮಾಡುವಾಗ ಹೊಳೆದದ್ದು. ಬಾಗೆಯ ನಾರು ಹೆಣೆದುಕೊಂಡಿರುತ್ತದೆ. ಕೀಸುಳಿ ಒಂದು ಪಟ್ಟಿಯಲ್ಲಿ ನುಣ್ಣಗೆ ಹೋದರೆ ಪಕ್ಕದ ಪಟ್ಟಿಯಲ್ಲಿ ತಡೆದು ಸಿಬಿರು ಏಳುತ್ತದೆ. ದೊಡ್ಡಪ್ಪನ ಮೂಗು ಹೋಗಿತ್ತು, ಕೈ ಹೋಗಿರಲಿಲ್ಲ. ಅವನಿಗೆ ಗೊತ್ತಾಗದೆ ಇರಲು ಹೇಗೆ ಸಾಧ್ಯ? ಈ ಪ್ರಶ್ನೆಯನ್ನು ಕೇಳುವುದಕ್ಕೆ ಆಗ ಯಾರೂ ಉಳಿದಿರಲಿಲ್ಲ.

ಬ್ಯಾಟಿಗೆ ಎಣ್ಣೆ ಹಚ್ಚಿದ ವಾರದಲ್ಲೇ ಚೌಡಪ್ಪ ನಾಯ್ಕರ ಫೋನು ಬಂತು. ನಂಬರನ್ನು ಯಾರಿಂದಲೋ ಪಡೆದಿದ್ದರು. ಕೈ ನಡುಗುತ್ತದೆ, ಲೈಸೆನ್ಸ್ ರದ್ದು ಮಾಡಿಸಿ ಕೋವಿಯನ್ನು ಠಾಣೆಗೆ ಒಪ್ಪಿಸುತ್ತಿದ್ದೇನೆ, ಅದಕ್ಕೆ ಮುಂಚೆ ನೀವೊಮ್ಮೆ ಬಂದು ಹೋಗಬೇಕು ಎಂದರು. ಭಾನುವಾರ ಹುಂಚದ ಬಸ್ಸು ಹಿಡಿದೆ. ಮನೆ ತುಂಬ ಜನ, ಅಂಗಳದಲ್ಲಿ ಮೊಮ್ಮಕ್ಕಳ ಗದ್ದಲ, ಟಿ.ವಿ.ಯ ಸದ್ದು. ಸೊಸೆ ಕಾಫಿ ಕೊಟ್ಟು ಹೋದ ಮೇಲೆ ಅವರು ಕೋವಿಯನ್ನು ತಂದು ನನ್ನ ಮಡಿಲಲ್ಲಿ ಅಡ್ಡ ಇಟ್ಟರು. ನಲವತ್ತು ವರ್ಷ ಹೆಗಲು ತಾಗಿ ತಾಗಿ ಹಿಡಿ ಕಪ್ಪಗೆ ಹೊಳೆಯುತ್ತಿತ್ತು. ಕುತ್ತಿಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ನಾನು ಗಟ್ಟಿ ಮನಸ್ಸು ಮಾಡಿ, ‘ನಾಯ್ಕ್ರೇ, ಇದು ಅಕ್ರೋಟಲ್ಲ’ ಎಂದೆ. ಅವರು ಕಾಫಿಯ ಲೋಟ ಕೆಳಗಿಡಲೂ ಇಲ್ಲ. ‘ಬಾಗೆ ಅಲ್ದಾ. ಆಚಾರ್ರು ಅವತ್ತೇ ಹೇಳಿದ್ರಲ್ಲ ತಂಗೀ.’

ಕೆಲಸ ಹಿಡಿದ ನಾಲ್ಕನೆಯ ದಿನ ನೋಡಿಕೊಂಡು ಹೋಗೋಣವೆಂದು ಅವರು ಬಂದಿದ್ದರಂತೆ, ನಾನು ಶಾಲೆಯಲ್ಲಿದ್ದೆ. ಕೊಟ್ಟಿಗೆ ತುಂಬ ಹುಡಿ ಹಾರುತ್ತಿತ್ತಂತೆ. ‘ಕೂತದ್ದೇ ಒಂದೇ ಸಮ ಸೀನಿದೆ, ಏಳೋ ಎಂಟೋ. ಆಚಾರ್ರು ಕೀಸುಳಿ ಕೆಳಗಿಟ್ರು. ಕೈಗೆ ಮೊದಲನೇ ದಿನವೇ ಅನುಮಾನ ಬಂದಿತ್ತು ನಾಯ್ಕ್ರೇ, ಈಗ ಸಾಕ್ಷಿನೂ ಸಿಕ್ತು ಅಂದ್ರು. ಬೇರೆ ಹಲಗೆ ತರಿಸ್ತೀನಿ ಅಂದ್ರು. ನಂಗೆ ಒಂದು ಗಳಿಗೆ ಸಿಟ್ಟು ಬಂತು, ಸುಳ್ಳು ಯಾಕೆ. ಆಮೇಲೆ ನೋಡ್ತೀನಿ, ಅವರು ಕಡೆದಿದ್ದು ಅಷ್ಟು ಚಂದ ಆಗಿತ್ತು. ನಮ್ಮ ಗುಡ್ಡದ ಬ್ಯಾಣದ ತುಂಬ ಬಾಗೆನೇ ಇದೆ, ಒಡೇರ ಕೋವಿಗೆ ನಮ್ಮ ಮರ ಇರ್ಲಿ ಬಿಡಿ ಅಂದೆ. ಇವತ್ತಿನವರೆಗೆ ಒಬ್ರೂ ಕೇಳ್ಲಿಲ್ಲ.’ ಅವರು ಲೋಟ ಕೆಳಗಿಟ್ಟರು. ‘ಆಚಾರ್ರು ನನ್ನ ಹತ್ರ ಒಂದು ಮಾತು ತಗಂಡ್ರು. ನಮ್ಮ ಹುಡುಗಿಗೆ ಹೇಳ್ಬ್ಯಾಡಿ. ತಪ್ಪು ಹೇಳ್ದೆ ಅಂತ ಗೊತ್ತಾದ್ರೆ ಅದು ಇನ್ನು ಮರ ಮೂಸದಿಲ್ಲ, ಅಂದ್ರು. ವರ್ಷ ಆದ್ಮೇಲೆ ಒಂದಿನ ಇಲ್ಲಿಗೇ ಬಂದ್ರು. ನೀವೇನಾದ್ರೂ ಹೇಳಿಬಿಟ್ರಾ ಅಂತ ಕೇಳಿದ್ರು. ಸಿಗಂದೂರಮ್ಮನ ಆಣೆ ಇಲ್ಲ ಅಂದೆ. ನಂಬಿದ್ರೋ ಇಲ್ವೋ, ಎದ್ದು ಹೋದ್ರು. ಅದು ನನ್ನ ಮನಸ್ಸಲ್ಲೇ ಉಳೀತು. ತಂಗೀ, ನಾನು ಹೇಳಿರ್ಲಿಲ್ಲ ಅಲ್ದಾ?’

‘ನೀವು ಹೇಳಲಿಲ್ಲ ನಾಯ್ಕ್ರೇ, ನನಗೇ ಗೊತ್ತಿತ್ತು’ ಎಂದೆ. ಒತ್ತಿ ಹಿಡಿದ ಸೀನನ್ನೂ, ಬಾವಿಕಟ್ಟೆಯನ್ನೂ, ಮೂರು ಸಲದ ‘ಗೊತ್ತಿಲ್ಲ’ವನ್ನೂ ಹೇಳಿದೆ. ನನ್ನ ಮೂಗನ್ನು ಉಳಿಸಬೇಕೆಂದು ದೊಡ್ಡಪ್ಪ ಸತ್ಯ ಮುಚ್ಚಿಟ್ಟ, ಅವನ ಗೆಲುವನ್ನು ಉಳಿಸಬೇಕೆಂದು ನಾನು ಮುಚ್ಚಿಟ್ಟೆ. ಒಂದೇ ಕೊಟ್ಟಿಗೆಯಲ್ಲಿ ಎದುರುಬದುರು ಕೂತು ಇಬ್ಬರೂ ಸುಮ್ಮನಿದ್ದೆವು. ಒಂದೇ ಒಂದು ಸಲ ಸೀನಿದ್ದರೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಅಷ್ಟೇ. ಚೌಡಪ್ಪನವರು, ‘ತಡಕಂಡ್ರಾ? ನಾನು ತಂದ ಕಾಯಿ ಸಲುವಾಗಿ?’ ಎಂದು ಕೇಳಿ ಕಣ್ಣೊರೆಸಿಕೊಂಡರು.

ಹಿಡಿಯ ತುದಿಯಲ್ಲಿ ಹೆಗಲಿಗೆ ತಾಗುವ ಕಡೆ ಒಂದು ಲೋಹದ ತಗಡು ಇರುತ್ತದೆ, ಎರಡೇ ಸ್ಕ್ರೂ. ಅವರು ಸ್ಕ್ರೂಡ್ರೈವರ್ ತರಿಸಿ ಬಿಚ್ಚಿ ಕೊಟ್ಟರು. ಒಳಗೆ ಎಣ್ಣೆ ತಾಗದ ಮರ, ಅವತ್ತು ಕೊಯ್ದ ಬಣ್ಣದಲ್ಲೇ ಇತ್ತು, ದೊಡ್ಡಪ್ಪನ ಉಳಿಯ ಗುರುತು ಸಹಿತ. ನಾನು ಕೀಲಿಕೈಯಿಂದ ಒಂದಿಷ್ಟು ಕೆರೆದು ಹುಡಿಯನ್ನು ಅಂಗೈಗೆ ಹಾಕಿಕೊಂಡೆ, ಕಣ್ಣು ಮುಚ್ಚಿ ಮೂಸಿದೆ. ಮೂಗಿನೊಳಗೆ ಇರುವೆ ಹರಿಯಿತು. ತಡೆಯಲಿಲ್ಲ. ಅಂಗಳದ ಮೊಮ್ಮಕ್ಕಳು ಆಟ ನಿಲ್ಲಿಸಿ ತಿರುಗಿ ನೋಡುವಷ್ಟು ಜೋರಾಗಿ ಸೀನಿದೆ. ಇನ್ನೊಂದು ಬರಲಿ ಎಂದು ಕಾದೆ, ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗಿತ್ತು, ನಾನು ಚೀಲ ತೆಗೆದುಕೊಂಡೆ. ‘ಒಂಟಿ ಸೀನು’ ಎಂದರು ಚೌಡಪ್ಪ ನಾಯ್ಕರು, ಸೊಸೆಗೆ ನೀರು ತರಲು ಹೇಳುತ್ತ. ‘ಈಗ ಹೊರಡಬ್ಯಾಡಿ ತಂಗೀ. ಸ್ವಲ್ಪ ಕೂತ್ಕಳಿ.’ ನಾನು ಚೀಲ ಕೆಳಗಿಟ್ಟು, ದೊಡ್ಡಪ್ಪ ಮಾಡಿದ ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ.